ಟೆಕ್ಕಿ ಸಂಬಳ: ಬುದ್ಧಿಯ ಬೆಲೆಯಲ್ಲ, ಬಿಟ್ಟುಹೋಗೋ ಬಲದ ಬೆಲೆ

ನಮಸ್ಕಾರ. ಎಸಿಯಲ್ಲಿ ಕೂತು ಕೀಲಿಮಣೆ ಒತ್ತೋರಿಗೆ ಲಕ್ಷ ಲಕ್ಷ, ರಾತ್ರಿಯಿಡೀ ವಾರ್ಡಿನಲ್ಲಿ ನಿಂತಿರೋ ನರ್ಸ್‌ಗೆ ಬಾಡಿಗೆ ಕಟ್ಟೋಕೂ ಸಾಲದ ಸಂಬಳ. ಇದು ನ್ಯಾಯನಾ? ಬೆಂಗಳೂರಲ್ಲಿ ಈ ಮಾತು ಬಂದಾಗಲೆಲ್ಲ ಎರಡು ಉತ್ತರ ಕೇಳಿಬರುತ್ತೆ. ಒಂದು, ‘ಕಷ್ಟಪಟ್ಟು ಓದಿದ್ದಾರೆ, ತಗೋತಾರೆ ಬಿಡಿ.’ ಇನ್ನೊಂದು, ‘ಅದು ಕೂತು ತಿನ್ನೋ ದುಡ್ಡು.’ ಎರಡನ್ನೂ ನಾನು ಒಪ್ಪಲ್ಲ. ಸಂಬಳ ಇಷ್ಟೇ ಅಂತ ನಿಲ್ಲೋದು ಓದಿನಿಂದಲೂ ಅಲ್ಲ, ಬೆವರಿನಿಂದಲೂ ಅಲ್ಲ.

ಮೊದಲು ಟೆಕ್ಕಿ ಅಂದ್ರೆ ಯಾರು ಅಂತ ನೋಡೋಣ. ದೊಡ್ಡ ಐಟಿ ಸೇವಾ ಕಂಪನಿಗೆ ಕಾಲೇಜಿಂದ ನೇರವಾಗಿ ಸೇರೋ ಹುಡುಗಿಗೆ ವರ್ಷಕ್ಕೆ 3 ಲಕ್ಷದ 60 ಸಾವಿರದ ಪ್ಯಾಕೇಜ್ ಅಂತ ಇಟ್ಟುಕೊಳ್ಳಿ. ಊರಲ್ಲಿ ಎಲ್ಲರೂ ತಿಂಗಳಿಗೆ 30 ಸಾವಿರ ಅಂದ್ಕೋತಾರೆ. ಕಾಗದ ಬಿಡಿಸಿ ನೋಡಿ. ಅದರಲ್ಲಿ ಶೇ 10 ವೇರಿಯಬಲ್ ಪೇ ಇದ್ರೆ 3,000 ಪಕ್ಕಕ್ಕೆ ಹೋಯ್ತು. ಕಂಪನಿ ಗುರಿ ಮುಟ್ಟಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ. ಮೂಲ ವೇತನ 15,000 ಅಂದ್ರೆ ಕಂಪನಿ ಕಟ್ಟೋ ಪಿಎಫ್ ಶೇ 12, ಅಂದ್ರೆ 1,800 ರೂಪಾಯಿ, ಅದೂ ಪ್ಯಾಕೇಜ್ ಒಳಗೇ. ಗ್ರಾಚ್ಯುಟಿ ಶೇ 4.81, ಅಂದ್ರೆ 721 ರೂಪಾಯಿ, ಅದೂ ಒಳಗೇ. ಉಳಿದದ್ದು 24,479. ಅದರಲ್ಲಿ ಅವಳ ಪಾಲಿನ ಪಿಎಫ್ ಇನ್ನೊಂದು 1,800 ಕಳೀರಿ. ಆರೋಗ್ಯ ವಿಮೆಯ ಕಂತು ಮುಟ್ಟೋ ಮೊದಲೇ ಕೈಗೆ ಬರೋದು 22,679 ರೂಪಾಯಿ.

ಇದನ್ನ ಇನ್ನೊಂದು ಅಂಕಿಯ ಪಕ್ಕ ಇಡಿ. 2024ರ ಆಗಸ್ಟ್‌ನಿಂದ ಜಾರಿಗೆ ಬಂದ ಏಳನೇ ವೇತನ ಆಯೋಗದ ಪ್ರಕಾರ ಕರ್ನಾಟಕ ಸರ್ಕಾರದ ಕಾಯಂ ನೌಕರರ ಕನಿಷ್ಠ ಮೂಲ ವೇತನ 27,000. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಕಚೇರಿಯ ಕಾಯಂ ಜವಾನರಿಗಿಂತ ಈ ಇಂಜಿನಿಯರ್ ಸಂಬಳ ಕಮ್ಮಿ. ಜವಾನರಿಗೆ ಹೆಚ್ಚಾಯ್ತು ಅಂತ ನಾನು ಹೇಳ್ತಿಲ್ಲ, ಅದು ಅವರಿಗೆ ಬರಬೇಕಾದ್ದೇ. ಇಂಜಿನಿಯರ್‌ದು ಯಾಕೆ ಏರಲಿಲ್ಲ ಅನ್ನೋದು ಪ್ರಶ್ನೆ. 2012ರ ಹೊತ್ತಲ್ಲೂ ಸೇರ್ಪಡೆ ಸಂಬಳ 3 ಲಕ್ಷದ 25 ಸಾವಿರದ ಆಸುಪಾಸು ಇತ್ತು. 2012ನ್ನ 100 ಅಂತ ಇಟ್ಟು ಲೆಕ್ಕ ಹಾಕ್ತಿದ್ದ ಗ್ರಾಹಕ ಬೆಲೆ ಸೂಚ್ಯಂಕ 2024ರ ಕೊನೆಗೆ 190 ದಾಟಿತ್ತು. ಬೆಲೆಯ ಜೊತೆ ಬರೀ ಸಮಕ್ಕೆ ಸಮ ಓಡಿದ್ರೂ ಈ ಸಂಬಳ 6 ಲಕ್ಷ ದಾಟಿರಬೇಕಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಅಡಿಯಲ್ಲೇ 200ರ ಆಸುಪಾಸು ಕಾಲೇಜುಗಳಿವೆ. ಒಬ್ಬರು ಬೇಡ ಅಂದ್ರೆ ಬಾಗಿಲಲ್ಲಿ ಹತ್ತು ಜನ ನಿಂತಿರ್ತಾರೆ.

ಅದೇ ರಸ್ತೆಯ ಆಚೆ ಬದಿ, ವಿದೇಶಿ ಕಂಪನಿಯ ಸ್ವಂತ ಕೇಂದ್ರದಲ್ಲಿ, ಎಂಟು ವರ್ಷ ಅನುಭವ ಇರೋರಿಗೆ 40 ಲಕ್ಷ, ಮೇಲೆ ಷೇರು. ಕೆಲಸವೂ ಕೋಡ್ ಬರೆಯೋದೇ. ಎಲ್ಲಿಂದ ಬರುತ್ತೆ ಈ ದುಡ್ಡು? ಎರಡು ಕಡೆಯಿಂದ. ಮೊದಲನೇದು ಡಾಲರ್. ಸೇವಾ ಕಂಪನಿ ಒಬ್ಬ ಎಂಜಿನಿಯರ್ ಕೆಲಸಕ್ಕೆ ವಿದೇಶಿ ಗ್ರಾಹಕರಿಗೆ ಗಂಟೆಗೆ 25 ಡಾಲರ್ ಅಂತ ಬಿಲ್ ಮಾಡಿದ್ರೆ ತಿಂಗಳ 160 ಗಂಟೆಗೆ 4,000 ಡಾಲರ್. ಡಾಲರಿಗೆ 85 ರೂಪಾಯಿ ಹಿಡಿದ್ರೆ 3 ಲಕ್ಷದ 40 ಸಾವಿರ. ಎಂಜಿನಿಯರಿಗೆ 1 ಲಕ್ಷ ಕೊಟ್ಟರೂ, ಕಟ್ಟಡ, ಬೆಂಚ್ ಮೇಲೆ, ಅಂದ್ರೆ ಪ್ರಾಜೆಕ್ಟ್ ಇಲ್ಲದೆ, ಕೂತವರ ಸಂಬಳ ಎಲ್ಲ ಕಳೆದ್ರೂ ಕಂಪನಿಗೆ ಉಳಿಯುತ್ತೆ. ಎರಡನೇದು ಸಾಫ್ಟ್‌ವೇರಿನ ಗುಣ. ಒಮ್ಮೆ ಬರೆದದ್ದನ್ನ ಸಾವಿರ ಜನ ಬಳಸಿದ್ರೂ ಕೋಟಿ ಜನ ಬಳಸಿದ್ರೂ ಬರೆಯೋ ಖರ್ಚು ಒಂದೇ. ವೆಂಟಿಲೇಟರ್ ಮೇಲಿರೋ ರೋಗಿಗೆ ಒಬ್ಬ ನರ್ಸ್ ಬೇಕೇ ಬೇಕು, ಇವತ್ತೂ ಬೇಕು, ಇಪ್ಪತ್ತು ವರ್ಷದ ಹಿಂದೆಯೂ ಬೇಕಿತ್ತು. ಅವರ ಕೆಲಸವನ್ನ ಕಾಪಿ ಮಾಡಿ ಮಾರೋಕೆ ಆಗಲ್ಲ. ಇದು ಅವರ ಕೊರತೆ ಅಲ್ಲ, ಆ ಕೆಲಸ ಇರೋದೇ ಹಾಗೆ.

ಆದ್ರೆ ಕಂಪನಿಗೆ ದುಡ್ಡು ಬಂತು ಅಂದ ಮಾತ್ರಕ್ಕೆ ಕೆಲಸದವರ ಕೈಗೆ ಯಾಕೆ ಬರಬೇಕು? ಇಲ್ಲೇ ಇರೋದು ಗುಟ್ಟು. ಅವರು ಬಿಟ್ಟು ಪಕ್ಕದ ಕಂಪನಿಗೆ ಹೋಗಬಲ್ಲರು, ಅದಕ್ಕೆ. ಇದಕ್ಕೆ ಸಾಕ್ಷಿ ಬೇಕಾದ್ರೆ ಸಿಲಿಕಾನ್ ವ್ಯಾಲಿಯನ್ನೇ ನೋಡಿ. ಆಪಲ್, ಗೂಗಲ್, ಇಂಟೆಲ್, ಅಡೋಬಿ ಥರದ ಕಂಪನಿಗಳು, ನಿಮ್ಮ ಜನಕ್ಕೆ ನಾವು ಕರೆ ಮಾಡಲ್ಲ, ನಮ್ಮವರಿಗೆ ನೀವು ಮಾಡಬೇಡಿ ಅಂತ ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ವು. 2010ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅದನ್ನ ಕೋರ್ಟಿಗೆ ಎಳೀತು. ಆಮೇಲೆ ನೌಕರರು ಹೂಡಿದ ದಾವೆ 2015ರಲ್ಲಿ 41.5 ಕೋಟಿ ಡಾಲರ್ ಪರಿಹಾರದಲ್ಲಿ ಮುಗೀತು. ಸಂಬಳ ಬರೀ ಬುದ್ಧಿಯಿಂದ ನಿಲ್ಲೋದಾಗಿದ್ರೆ ಅಂಥ ಕಂಪನಿಗಳಿಗೆ ಇಂಥ ಒಪ್ಪಂದ ಯಾಕೆ ಬೇಕಿತ್ತು?

ಈಗ ಆಶಾ ಕಾರ್ಯಕರ್ತೆಯರ ಕಡೆ ಬನ್ನಿ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಮಿಷನ್ ಅವರನ್ನ ಸ್ವಯಂಸೇವಕಿಯರು ಅಂತ ಕರೀತು. ಹಾಗಾಗಿ ಅವರಿಗೆ ಸಿಗೋದು ಸಂಬಳ ಅಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಗರ್ಭಿಣಿಯರ ನೋಂದಣಿ, ಹೆರಿಗೆ, ಮಗುವಿನ ಲಸಿಕೆ, ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ. ಒಂದು ದಾಖಲೆ ಪೋರ್ಟಲ್‌ನಲ್ಲಿ ಏರದೇ ಹೋದ್ರೆ ಆ ಹಣ ನಿಂತುಹೋಗುತ್ತೆ. 2025ರ ಜನವರಿಯ ಚಳಿಯಲ್ಲಿ ಅವರು ಫ್ರೀಡಂ ಪಾರ್ಕ್‌ನಲ್ಲಿ ಕೂತು ಕೇಳಿದ್ದು ತಿಂಗಳಿಗೆ 15,000. ಸಿಕ್ಕ ಭರವಸೆ 10,000. ಇವರ ಕೆಲಸ ಕೊಳ್ಳೋರು ಒಬ್ಬರೇ, ಸರ್ಕಾರ. ಬಿಟ್ಟು ಹೋಗ್ತೀನಿ ಅಂದ್ರೆ ಹೋಗೋಕೆ ಇನ್ನೊಂದು ಬಾಗಿಲಿಲ್ಲ. ಒಂದು ಸಾವಿರ ಜನರ ಆರೋಗ್ಯ ಒಬ್ಬಳ ಹೆಗಲ ಮೇಲೆ ಹಾಕಿ, ಅವಳನ್ನ ನೌಕರಳೇ ಅಲ್ಲ ಅನ್ನೋದು ನನಗೆ ಸಹಿಸೋಕಾಗದ ಅನ್ಯಾಯ.

ಬಿಟ್ಟು ಹೋಗೋಕಾಗದವರಿಗೆ ಇನ್ನೊಂದು ದಾರಿ ಇದೆ, ಒಟ್ಟಾಗಿ ನಿಲ್ಲೋದು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕಾಯಂಗಾಗಿ ಮುಷ್ಕರ ಮಾಡಿದ್ರು. 2025ರ ಮೇ 1ರಂದು ಬೆಂಗಳೂರಲ್ಲಿ 12,692 ಜನಕ್ಕೆ ಕಾಯಂ ನೇಮಕಾತಿ ಪತ್ರ ಸಿಕ್ತು. ಅದೇ ರಸ್ತೆ, ಅದೇ ಪೊರಕೆ, ಅದೇ ಬೆಳಗಿನ ಜಾವ. ಗುಡಿಸೋ ಕೌಶಲ ಮೇ 1ಕ್ಕೆ ಹೆಚ್ಚಾಗಲಿಲ್ಲ, ಸಂಬಳ ಹೆಚ್ಚಾಯ್ತು. ಬೇರೆ ವೃತ್ತಿಗಳ ಬೆಲೆಯನ್ನ ಮಾರುಕಟ್ಟೆ ಕಟ್ಟಿದೆ, ಏನೂ ಮಾಡೋಕಾಗಲ್ಲ ಅನ್ನೋರು ಈ ಒಂದು ಉದಾಹರಣೆಗೆ ಉತ್ತರ ಕೊಡಲಿ.

ಹಾಗಾದ್ರೆ ಟೆಕ್ ಕೆಲಸದಲ್ಲಿ ಹೆಚ್ಚು ಕೊಡಬೇಕಾದ್ದು ಏನೂ ಇಲ್ವಾ? ಇದೆ. ಆನ್‌ಕಾಲ್ ಇದೆ, ಅಂದ್ರೆ ಯಾವ ಹೊತ್ತಲ್ಲಿ ಸೇವೆ ಕೆಟ್ಟರೂ ಎದ್ದು ಸರಿಮಾಡೋ ಪಾಳಿ. ಶೇ 99.9 ಲಭ್ಯತೆ ಅಂತ ಗ್ರಾಹಕರಿಗೆ ಬರೆದುಕೊಟ್ಟರೆ 30 ದಿನದ ತಿಂಗಳಲ್ಲಿ ಸೇವೆ ನಿಲ್ಲಬಹುದಾದ್ದು 43 ನಿಮಿಷ, 99.99 ಅಂದ್ರೆ 4 ನಿಮಿಷ ಚಿಲ್ಲರೆ. ರಾತ್ರಿ ಮೂರಕ್ಕೆ ಅಲಾರಂ ಹೊಡೆದ್ರೆ ಕಣ್ಣುಜ್ಜೋಕೂ ಪುರುಸೊತ್ತಿಲ್ಲ. ಕಲಿತದ್ದು ಐದಾರು ವರ್ಷಕ್ಕೆ ಹಳತಾಗುತ್ತೆ, ನಲವತ್ತೈದು ದಾಟಿದ್ರೆ ಕೆಲಸ ಹೋಗೋ ಭಯ ಇದೆ. ಇವಕ್ಕೆ ದುಡ್ಡು ಕೊಡೋದು ಸರಿ. ಆದ್ರೆ ‘ನಮ್ಮ ಹೊಣೆ ದೊಡ್ಡದು, ಅದಕ್ಕೇ ಹೆಚ್ಚು’ ಅನ್ನೋ ಮಾತು ನಿಲ್ಲಲ್ಲ. 2023ರ ಆಗಸ್ಟ್ 23ರಂದು ಚಂದ್ರಯಾನ-3ನ್ನ ಚಂದ್ರನ ಮೇಲೆ ಇಳಿಸಿದ ಇಸ್ರೋಗೆ ಹೊಸದಾಗಿ ಸೇರೋ ಇಂಜಿನಿಯರ್‌ಗೆ ಮೂಲ ವೇತನ 56,100. ತಪ್ಪಾದ್ರೆ ರೋಲ್‌ಬ್ಯಾಕ್ ಮಾಡೋ, ಅಂದ್ರೆ ಹಳೇ ಸ್ಥಿತಿಗೆ ವಾಪಸ್ ಹೋಗೋ, ಅವಕಾಶ ಅಲ್ಲಿಲ್ಲ. ಐಸಿಯುನಲ್ಲೂ ಇಲ್ಲ.

ಟೆಕ್ಕಿಗಳ ಸಂಬಳ ಇಳೀಬೇಕು ಅಂತ ನಾನು ಕೇಳ್ತಿಲ್ಲ. ಅದನ್ನ ಇಳಿಸಿದ್ರೆ ಉಳಿಯೋ ದುಡ್ಡು ನರ್ಸ್‌ಗೆ ಹೋಗಲ್ಲ, ಷೇರುದಾರರಿಗೆ ಹೋಗುತ್ತೆ. ನಾನು ಕೇಳೋದು ಬಿಟ್ಟುಹೋಗೋ ಬಲ ಎಲ್ಲರಿಗೂ ಬರಲಿ ಅಂತ. ಟೆಕ್ಕಿಗಳದ್ದೂ ಈಗ ಸವೀತಿದೆ: 90 ದಿನದ ನೋಟಿಸ್ ಪೀರಿಯಡ್, ಅವಧಿಗೆ ಮೊದಲೇ ಬಿಟ್ಟರೆ ದುಡ್ಡು ಕಟ್ಟಿಸೋ ತರಬೇತಿ ಬಾಂಡ್. ಹೊಸ ಕಂಪನಿ 30 ದಿನದಲ್ಲಿ ಬನ್ನಿ ಅನ್ನುತ್ತೆ, ಹಳೇದು ಬಿಡಲ್ಲ, ಆಫರ್ ಕೈತಪ್ಪುತ್ತೆ. ಸಹಿ ಹಾಕೋ ಮೊದಲು ಮೂರು ಸಾಲು ಓದಿ: ನೋಟಿಸ್ ಎಷ್ಟು ದಿನ, ಅದನ್ನ ದುಡ್ಡು ಕೊಟ್ಟು ಬಿಡಿಸಿಕೊಳ್ಳೋಕೆ ಬರುತ್ತಾ, ಬಾಂಡ್ ಮೊತ್ತ ತಿಂಗಳು ಕಳೆದ ಹಾಗೆ ಇಳಿಯುತ್ತಾ.

ನರ್ಸ್‌ಗಳ ವಿಷಯದಲ್ಲಿ ಇನ್ನೂ ಕೆಟ್ಟದ್ದು ನಡೆಯುತ್ತೆ. ಸುಪ್ರೀಂ ಕೋರ್ಟ್ ಸೂಚನೆ ಮೇಲೆ 2016ರಲ್ಲಿ ಕೇಂದ್ರ ನೇಮಿಸಿದ ಸಮಿತಿ, 50ಕ್ಕಿಂತ ಕಮ್ಮಿ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ 20,000ಕ್ಕಿಂತ ಕಮ್ಮಿ ಕೊಡಬಾರದು, 200 ಹಾಸಿಗೆ ಮೀರಿದ್ರೆ ಸರ್ಕಾರಿ ನರ್ಸ್‌ಗೆ ಸಮ ಕೊಡಬೇಕು ಅಂದಿತ್ತು. ಬಹುತೇಕ ಕಡೆ ಅದು ಶಿಫಾರಸಾಗೇ ಉಳೀತು. ಎಷ್ಟೋ ಆಸ್ಪತ್ರೆಗಳು ಸೇರುವಾಗಲೇ ಮೂಲ ಅಂಕಪಟ್ಟಿ, ನೋಂದಣಿ ಪತ್ರ ಕಿತ್ತಿಟ್ಕೊಳ್ತವೆ. ಅದಿಲ್ದೆ ಬೇರೆ ಆಸ್ಪತ್ರೆಗೆ ಅರ್ಜಿ ಹಾಕೋಕಾಗಲ್ಲ, ವಿದೇಶಕ್ಕೂ ಹೋಗೋಕಾಗಲ್ಲ. ಮೊದಲು ಆ ಕಾಗದಗಳು ಅವರ ಕೈಗೆ ವಾಪಸ್ ಬರಲಿ. 20,000ದ ಮಾತನ್ನ ಆಮೇಲೆ ಅವರೇ ಎದುರು ಕೂತು ಆಡ್ತಾರೆ.