ನಮ್ಮ ಕಾಗದ ಎಲ್ಲರ ಕಣ್ಣಿಗೆ, ಅವರ ಪಟ್ಟಿ ಯಾರಿಗೂ ಇಲ್ಲ: ಮಾಹಿತಿ ಹಕ್ಕಿಗೆ ಏನಾಯಿತು?

[ದೃಶ್ಯ: ಕಲಬುರಗಿ ಮಿನಿ ವಿಧಾನಸೌಧದ ಹೊರಗಿನ ರಸ್ತೆ. ಝೆರಾಕ್ಸ್ ಅಂಗಡಿಯ ಕಂಪ್ಯೂಟರ್ ತೆರೆ. ಫೈಲ್‌ಗಳ ಹೆಸರು ಮಸುಕು ಮಾಡಬೇಕು.]

ಎಲ್ಲರಿಗೂ ಶರಣ್ರಿ.

ಸರ್ಕಾರಿ ಕಚೇರಿ ಮುಂದಿನ ಯಾವ ಝೆರಾಕ್ಸ್ ಅಂಗಡಿಗಾದರೂ ಹೋಗಿ. "ಆಧಾರ್ ವಾಟ್ಸಾಪ್ ಮಾಡ್ರಿ" ಅನ್ನುತ್ತಾರೆ. ಕಳಿಸುತ್ತೀರಿ. ಪ್ರಿಂಟ್ ಕೈಗೆ ಬಂದ ಕೂಡಲೇ ಪಾಳಿಗೆ ಓಡುತ್ತೀರಿ. ನಿಮ್ಮ ಆಧಾರ್ ಮಾತ್ರ ಆ ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಪಕ್ಕದಲ್ಲಿ ಇನ್ಯಾರದೋ ರೇಷನ್ ಕಾರ್ಡ್, ಯಾರದೋ ಪಾಸ್‌ಬುಕ್, ಯಾವುದೋ ಹುಡುಗಿಯ 371(ಜೆ) ಅರ್ಹತಾ ಪ್ರಮಾಣ ಪತ್ರ (ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದದ್ದು). ಅಂಗಡಿಯವರನ್ನು ಬೈದು ಉಪಯೋಗ ಇಲ್ಲ. ಪ್ರತಿ ಅರ್ಜಿಗೂ ಅದೇ ಕಾಗದ ಮತ್ತೆ ಮತ್ತೆ ಕೇಳುವವರು ಒಳಗೆ ಕೂತಿದ್ದಾರೆ, ಅಲ್ವಾ?

ಈಗ ನೀವು ಒಳಗೆ ಹೋಗಿ ಒಂದು ಪ್ರಶ್ನೆ ಕೇಳಿ. "ನಮ್ಮೂರಲ್ಲಿ ಬೆಳೆ ಹಾನಿ ಪರಿಹಾರ ಯಾರ್ಯಾರಿಗೆ ಎಷ್ಟೆಷ್ಟು ಬಂದಿದೆ? ಪಟ್ಟಿ ಕೊಡಿ."

"ಅದು ಪರ್ಸನಲ್ ಅದರೀ. ಕೊಡ್ಲಿಕ್ಕೆ ಬರಲ್ಲ."

ಇವತ್ತಿನ ವಿಡಿಯೋ ಈ ಉತ್ತರದ ಬಗ್ಗೆ. ಮೊದಲು ಇದು ಬರೀ ಸಬೂಬು. ಈಗ ಇದಕ್ಕೆ ಕಾನೂನಿನ ಬಲ ಸಿಕ್ಕಿದೆ.

[ತೆರೆ ಮೇಲೆ: 24 ಆಗಸ್ಟ್ 2017]

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಈ ದಿನ. 9 ನ್ಯಾಯಮೂರ್ತಿಗಳು, ಒಮ್ಮತದ ತೀರ್ಪು. ಕೇಸ್ ಹಾಕಿದವರು ನಮ್ಮವರೇ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 80 ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಕೋರ್ಟಿಗೆ ಹೋದರು. ಆ ಕೇಸಿನ ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಏನು ವಾದ ಮಾಡಿತ್ತು ಗೊತ್ತಾ? ಖಾಸಗಿತನ ಮೂಲಭೂತ ಹಕ್ಕೇ ಅಲ್ಲ ಅಂತ!

ಅದೇ ಸರ್ಕಾರ ಚುನಾವಣಾ ಬಾಂಡ್ ಕೇಸಿನಲ್ಲಿ ಪಕ್ಷಗಳಿಗೆ ದುಡ್ಡು ಕೊಟ್ಟವರ ಖಾಸಗಿತನ ಕಾಪಾಡಬೇಕು ಅಂದಿತು. ಕೋರ್ಟ್ ಒಪ್ಪಲಿಲ್ಲ, 2024ರ ಫೆಬ್ರವರಿ 15ರಂದು ಆ ಯೋಜನೆಯನ್ನೇ ಹೊಡೆದು ಹಾಕಿತು. ಜನ ಕೇಳಿದಾಗ ಇಲ್ಲದ ಹಕ್ಕು, ಹೆಸರು ಮುಚ್ಚಿಡಬೇಕಾದಾಗ ಎಲ್ಲಿಂದ ಬಂತು?

ಸರಿ, ಕಾನೂನಿಗೆ ಬರೋಣ.

2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ 8(1)(ಜೆ) ಅಂತ ಒಂದು ಕಲಂ ಇದೆ. ಒಬ್ಬರ ಖಾಸಗಿ ವಿಷಯ ಕೇಳಿದರೆ ಕೊಡಬೇಕಾಗಿಲ್ಲ ಅನ್ನುವುದು ಅದರ ಮಾತು. ಆದರೆ ಸುಮ್ನೆ ಹಾಗೆ ಬಿಟ್ಟಿರಲಿಲ್ಲ. ಆ ಮಾಹಿತಿಗೂ ಸಾರ್ವಜನಿಕ ಕೆಲಸಕ್ಕೂ ಸಂಬಂಧ ಇರಬಾರದು, ಅಥವಾ ಕೊಟ್ಟರೆ ಒಬ್ಬರ ಖಾಸಗಿ ಬದುಕಿಗೆ ವಿನಾಕಾರಣ ಕೈ ಹಾಕಿದ ಹಾಗೆ ಆಗಬೇಕು. ಆಗ ಮಾತ್ರ ಇಲ್ಲ ಅನ್ನಬಹುದಿತ್ತು. ಇನ್ನೊಂದು ಸಾಲು ಇತ್ತು, ನನಗೆ ಬಹಳ ಇಷ್ಟವಾದದ್ದು. ಸಂಸತ್ತಿಗೆ, ವಿಧಾನಸಭೆಗೆ ಇಲ್ಲ ಅನ್ನಲು ಬಾರದ ಮಾಹಿತಿಯನ್ನು ಯಾರಿಗೂ ಇಲ್ಲ ಅನ್ನುವ ಹಾಗಿಲ್ಲ. ಎಂಎಲ್‌ಎಗೆ ಸಿಗುವುದು ಆಳಂದದ ರೈತನಿಗೂ ಸಿಗಬೇಕು.

2023ರಲ್ಲಿ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂತು. ನಮ್ಮ ಡೇಟಾ ಕಾಯಲಿಕ್ಕೆ ಅಂತ ಬಂದ ಕಾಯ್ದೆ. ಅದರ 44(3)ನೇ ಕಲಂ ಹೋಗಿ ಮಾಹಿತಿ ಹಕ್ಕು ಕಾಯ್ದೆಯ ಆ ಷರತ್ತುಗಳನ್ನೆಲ್ಲ ಕತ್ತರಿಸಿತು. ಉಳಿದಿದ್ದು ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ ಕೊಡಬೇಕಾಗಿಲ್ಲ. 2025ರ ನವೆಂಬರ್‌ನಿಂದ ಇದು ಜಾರಿಯಲ್ಲಿದೆ.

ಯಾವ ಸರ್ಕಾರಿ ಕಾಗದದಲ್ಲಿ ಮನುಷ್ಯರ ಹೆಸರು ಇರುವುದಿಲ್ಲ ಹೇಳಿ?

[ದೃಶ್ಯ: ಕಾಗಿಣಾ ದಂಡೆ, ನೀರು ನಿಂತ ತೊಗರಿ ಹೊಲ]

ಚಿತ್ತಾಪುರ ತಾಲೂಕಿನ ಒಂದು ಹಳ್ಳಿ ಅಂದುಕೊಳ್ಳಿ. ಮಳೆ ಜಾಸ್ತಿಯಾಗಿ ತೊಗರಿ ಕೊಳೆತಿದೆ. ಕಂದಾಯದವರು, ಕೃಷಿ ಇಲಾಖೆಯವರು ಬಂದು ಜಂಟಿ ಸಮೀಕ್ಷೆ ಮಾಡಿದರು. ಮಳೆಯಾಶ್ರಿತ ಬೆಳೆಗೆ 2022-26ರ ಅವಧಿಗೆ ಕೇಂದ್ರ ಗೊತ್ತು ಮಾಡಿದ ವಿಪತ್ತು ನಿಧಿಯ ದರ ಹೆಕ್ಟೇರಿಗೆ 8,500 ರೂಪಾಯಿ ಇತ್ತು, ಜಾಸ್ತಿ ಅಂದರೆ 2 ಹೆಕ್ಟೇರಿಗೆ. ನದಿ ದಂಡೆಯ ಹೊಲದವನಿಗೆ ಏನೂ ಬರಲಿಲ್ಲ. ನೀರೇ ಹತ್ತದ ಎತ್ತರದ ಹೊಲಕ್ಕೆ ಬಂತು ಅಂತ ಊರಲ್ಲಿ ಸುದ್ದಿ. ಸುದ್ದಿ ನಿಜವೋ ಸುಳ್ಳೋ ಗೊತ್ತಾಗಬೇಕಾದರೆ ಮೂರು ವಿಷಯ ಒಟ್ಟಿಗೆ ಕಾಣಬೇಕು: ಹೆಸರು, ಸರ್ವೆ ನಂಬರು, ಮೊತ್ತ. ಪರಿಹಾರದ ಮೊತ್ತ ಒಬ್ಬರ ಹಣಕಾಸಿನ ವಿಷಯ, ವೈಯಕ್ತಿಕ ಅಂತ ಅಧಿಕಾರಿ ಹಿಂಬರಹ (ಲಿಖಿತ ಉತ್ತರ) ಕೊಟ್ಟರೆ ಅಲ್ಲಿಗೆ ಬಾಗಿಲು ಬಂದ್.

ಮಜಾ ನೋಡಿ. ಅದೇ ರೈತನ ಪಹಣಿಯನ್ನು ಕಂದಾಯ ಇಲಾಖೆಯ 'ಭೂಮಿ' ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ತೆರೆಯಬಹುದು. ಮಾಲೀಕನ ಹೆಸರು, ಎಷ್ಟು ಎಕರೆ, ಯಾವ ಬ್ಯಾಂಕಿನ ಸಾಲ, ಎಲ್ಲ ಅಲ್ಲಿದೆ. ರೈತನ ಸಾಲ ಊರಿಗೆಲ್ಲ ಕಾಣಬಹುದು. ಸರ್ಕಾರ ಕೊಟ್ಟ ದುಡ್ಡು ಮಾತ್ರ ಗುಟ್ಟು!

ಯಾದಗಿರಿ ಕಡೆಯ ಕೂಲಿ ಹೆಣ್ಣುಮಕ್ಕಳ ಕಥೆ ಇನ್ನೂ ವಿಚಿತ್ರ. 2023ರ ಜನವರಿಯಿಂದ ನರೇಗಾ ಹಾಜರಾತಿಗೆ ದಿನಕ್ಕೆ ಎರಡು ಸಲ ಮೊಬೈಲ್ ಫೋಟೋ ಕಡ್ಡಾಯವಾಯಿತು. ಬಿಸಿಲಲ್ಲಿ ಬುಟ್ಟಿ ಹಿಡಿದು ನಿಂತ ಆ ಫೋಟೋಗಳು ಸರ್ಕಾರಿ ವೆಬ್‌ಸೈಟಿನಲ್ಲಿ ಎಲ್ಲರಿಗೂ ಕಾಣುತ್ತಿದ್ದವು. ಅವರನ್ನು ಯಾರೂ ಒಪ್ಪಿಗೆ ಕೇಳಲಿಲ್ಲ. ಮಸ್ಟರ್ ರೋಲ್, ಅಂದರೆ ಕೂಲಿಯವರ ಹಾಜರಾತಿ ಪಟ್ಟಿ, ಬಹಿರಂಗ ಇರಬೇಕು, ನಿಜ, ಸುಳ್ಳು ಕೂಲಿ ಹಿಡಿಯುವುದೇ ಅದರಿಂದ. ಅದಕ್ಕೆ ಮುಖ ಬೇಕಾಗಿರಲಿಲ್ಲ.

ಇನ್ನು ಪಿಎಸ್‌ಐ, ಅಂದರೆ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೇಮಕದ ಪರೀಕ್ಷೆ. ಕಲಬುರಗಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2021ರ ಅಕ್ಟೋಬರ್ 3, 545 ಹುದ್ದೆ. ಖಾಲಿ ಬಿಟ್ಟ ಒಎಂಆರ್ ಉತ್ತರ ಹಾಳೆ ಆಮೇಲೆ ತುಂಬಿದ ಆರೋಪ, ಸಿಐಡಿ ತನಿಖೆ, 2022ರ ಏಪ್ರಿಲ್‌ನಲ್ಲಿ ಪರೀಕ್ಷೆ ರದ್ದು. ಮರುಪರೀಕ್ಷೆ ಆಗುವಷ್ಟರಲ್ಲಿ 2024ರ ಜನವರಿ. ನಮ್ಮ ನಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕು ಇದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಆದರೆ ನನ್ನ ಹಾಳೆ ನೋಡಿ ನನಗೇನು ಗೊತ್ತಾಗುತ್ತದೆ? ಮೋಸ ಇರುವುದು ಪಕ್ಕದವನ ಹಾಳೆಯಲ್ಲಿ. ಅದು ಅವನ ವೈಯಕ್ತಿಕ ಮಾಹಿತಿ ಅಂದರೆ ಮುಗಿಯಿತು.

 

ಸರ್ಕಾರದ ಮಾತನ್ನೂ ಹೇಳಬೇಕು. ಮಾಹಿತಿ ಹಕ್ಕು ಕಾಯ್ದೆಯ 8(2)ನೇ ಕಲಂ ಹಾಗೇ ಇದೆ, ಸಾರ್ವಜನಿಕ ಹಿತ ದೊಡ್ಡದಾದರೆ ಈಗಲೂ ಮಾಹಿತಿ ಕೊಡಬಹುದು ಅನ್ನುತ್ತಾರೆ. ಸುಳ್ಳಲ್ಲ. ಆದರೆ "ಕೊಡಬಹುದು", ಅಷ್ಟೇ. ಇನ್ನೊಂದು ತೊಡಕೂ ಇದೆ. 6(2)ನೇ ಕಲಂ ಪ್ರಕಾರ ಮಾಹಿತಿ ಯಾಕೆ ಬೇಕು ಅಂತ ನೀವು ಯಾರಿಗೂ ಹೇಳಬೇಕಾಗಿಲ್ಲ. ಈಗ ಸಾರ್ವಜನಿಕ ಹಿತ ಏನು ಅಂತ ಹೇಳದೆ ಕೂತರೆ ಕಾಗದ ಸಿಗುವುದಿಲ್ಲ. ಕಾರಣ ಹೇಳುವ ಭಾರ ಕೊಡದವರಿಂದ ಕೇಳುವವರ ತಲೆಗೆ ಬಂತು. ನನ್ನ ತಕರಾರು ಇಲ್ಲೇ ಇರುವುದು.

ಹಾಗಂತ ಎಲ್ಲ ಬಯಲಿಗಿಡಿ ಅಂತ ನಾನು ಹೇಳುವುದಿಲ್ಲ. ಒಬ್ಬರ ಕಾಯಿಲೆ, ಫೋನ್ ನಂಬರು, ಖಾತೆ ನಂಬರು ಯಾಕೆ ಬೇಕು? ಅದಕ್ಕೆ 10ನೇ ಕಲಂ ಇದೆ, ನಮ್ಮ ಕಡೆ ಬಹಳ ಮಂದಿ ಬಳಸುವುದೇ ಇಲ್ಲ. ಕೊಡಬಾರದ ಭಾಗಕ್ಕೆ ಮಸಿ ಬಳಿದು ಉಳಿದದ್ದನ್ನು ಕೊಡಬೇಕು ಅನ್ನುತ್ತದೆ ಅದು.

[ತೆರೆ ಮೇಲೆ: ಅರ್ಜಿ ನಮೂನೆ]

ಆದ್ದರಿಂದ ಅರ್ಜಿ ಬರೆಯುವ ರೀತಿ ಬದಲಿಸಿ. ಶುಲ್ಕ 10 ರೂಪಾಯಿ, ಬಿಪಿಎಲ್ ಇದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. "ಖಾತೆ ನಂಬರು, ಆಧಾರ್, ಫೋನ್ ನಂಬರು ಬೇಡ, ಕಲಂ 10ರಂತೆ ಅವನ್ನು ಮರೆಮಾಡಿ ಉಳಿದದ್ದು ಕೊಡಿ" ಅಂತ ಮೊದಲೇ ಬರೆಯಿರಿ. ಸಹಾಯಧನದ ಫಲಾನುಭವಿಗಳ ವಿವರವನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಅನ್ನುವ 4(1)(ಬಿ) ಕಲಂ ಹೆಸರು ಹಾಕಿ. ಸರ್ಕಾರಿ ದುಡ್ಡು ಹೋದ ದಾರಿ ತಿಳಿಯುವುದು ಸಾರ್ವಜನಿಕ ಹಿತ, ಕಲಂ 8(2) ಅಂತ ಒಂದು ಸಾಲು ಸೇರಿಸಿ. ಹಿಂಬರಹದ ಪ್ರತಿ ಎಸೆಯಬೇಡಿ.

30 ದಿನದಲ್ಲಿ ಉತ್ತರ ಬರಬೇಕು. ಇಲ್ಲ ಅಂದರೆ ಮುಂದಿನ 30 ದಿನದೊಳಗೆ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಅದಕ್ಕೆ ಬೆಂಗಳೂರಿನ ರೈಲು ಹತ್ತಬೇಕು ಅಂತ ಎಷ್ಟೋ ಜನ ಕೈಬಿಡುತ್ತಾರೆ. ಆಯೋಗದ ಒಂದು ಪೀಠ ಕಲಬುರಗಿಯಲ್ಲೇ ಇದೆ.