ತೂಕ ಹಾಕದ ಮೋಟರ್ ಬರೀ ಪಟಾಕಿ

ನಮಸ್ಕಾರ ದಾವಣಗೆರೆ, ನಮಸ್ಕಾರ ಚಿತ್ರದುರ್ಗ, ಉಳಿದವರಿಗೂ ನಮಸ್ಕಾರ. ಇವತ್ತು ನಮ್ಮ ಬಾಟಲಿ ರಾಕೆಟ್ಟಿನ ಪ್ಯಾರಾಚೂಟ್ ಮಡಚುವುದು ಹೇಗೆ ಅಂತ ವಿಡಿಯೊ ಮಾಡಬೇಕಿತ್ತು. ಸ್ಕ್ರಿಪ್ಟ್ ಕೂಡ ರೆಡಿ ಇತ್ತು. ಆದರೆ ನಿನ್ನೆ ರಾತ್ರಿ ಉಂಡು ಕೂತು ಕಾಮೆಂಟ್ ಓದುತ್ತಿದ್ದೆ. ಅದೇ ತಪ್ಪಾಯಿತು ನೋಡಿ.

ಒಬ್ಬ ತಮ್ಮ ಬರೆದಿದ್ದಾನೆ: “ಅಣ್ಣಾ, ಕೂಲ್‌ಡ್ರಿಂಕ್ಸ್ ಬಾಟಲಿಗೆ ನೀರು ತುಂಬಿ ರಾಕೆಟ್ ಮೋಟರ್ ಅಂತೀಯಲ್ಲ, ನಾಚಿಕೆ ಆಗಲ್ವಾ? ಬೆಂಕಿ ಎಲ್ಲಿ? ನಾನು ಮನೇಲೇ ಸಕ್ಕರೆ ರಾಕೆಟ್ ಮಾಡಿದ್ದೀನಿ, ಸುಂಯ್ ಅಂತ ಹೋಯ್ತು.” ಕೊನೆಗೆ ಮೂರು ಬೆಂಕಿ ಇಮೋಜಿ. ಸಕ್ಕರೆ ರಾಕೆಟ್ ಅಂದರೆ ಸಕ್ಕರೆ ಬೆರೆಸಿದ ಇಂಧನದಿಂದ ಉರಿಯುವುದು. ನಾನು ಮರ್ಯಾದೆಯಿಂದ ಕೇಳಿದೆ, ಎಷ್ಟು ಕೆಜಿ ತಳ್ಳಿತು ತಮ್ಮಾ? ಉತ್ತರ ಏನು ಗೊತ್ತಾ? “ಸಕತ್ತಾಗಿ ತಳ್ಳಿತು ಅಣ್ಣ.”

ಸಕತ್ತು. ಅದು ಯಾವ ಅಳತೆ ಸ್ವಾಮಿ? ಮಂಡಕ್ಕಿ ಭಟ್ಟಿ ಕಡೆ ಹೋಗಿ “ಸಕತ್ತು ಮಂಡಕ್ಕಿ ಕೊಡಿ” ಅಂತ ಕೇಳಿ ನೋಡಿ. ಆಳೆತ್ತರದ ಚೀಲವನ್ನು ಒಂದೇ ಕೈಯಲ್ಲಿ ಎತ್ತಬಹುದು, ಅಷ್ಟು ಹಗುರ ಮಂಡಕ್ಕಿ. ಅದನ್ನೂ ನಮ್ಮ ಊರಲ್ಲಿ ಸೇರಿನಲ್ಲಿ ಅಳೆದೇ ಕೊಡುತ್ತಾರೆ. ಈ ತಮ್ಮನ ರಾಕೆಟ್‌ಗೆ ಅಷ್ಟೂ ಇಲ್ಲ.

ಅದಕ್ಕೆ ಇವತ್ತಿನ ಮಾತು ಇಷ್ಟೇ. ರಾಕೆಟ್ಟನ್ನು ತಳ್ಳುವ ಭಾಗಕ್ಕೆ ಮೋಟರ್ ಅನ್ನುತ್ತಾರೆ. ತೂಕ ಹಾಕದ ಮೋಟರ್ ಮೋಟರ್ ಅಲ್ಲ, ಪಟಾಕಿ. ನೀರಿನದ್ದಾಗಲಿ, ಗಾಳಿಯದ್ದಾಗಲಿ, ಬೆಂಕಿಯದ್ದಾಗಲಿ, ಕಟ್ಟಿ ಹಾಕಿ, ಎಷ್ಟು ತಳ್ಳುತ್ತೆ ಅಂತ ತೂಕ ಹಾಕಿದರೆ ಅದು ಮೋಟರ್. ಇಲ್ಲದಿದ್ದರೆ ನೀವು ದೀಪಾವಳಿ ಮಾಡಿದ್ದೀರಿ, ಅಷ್ಟೇ. ಒಪ್ಪಿದವರು ಸಬ್‌ಸ್ಕ್ರೈಬ್ ಒತ್ತಿ. ಒಪ್ಪದವರು ಎರಡು ಸಲ ಒತ್ತಿ. ಅಯ್ಯೋ ಬೇಡ, ಎರಡು ಸಲ ಒತ್ತಿದರೆ ಅನ್‌ಸಬ್‌ಸ್ಕ್ರೈಬ್ ಆಗುತ್ತೆ.

ಬೆಂಕಿ ಇಲ್ಲ ಅನ್ನುವವರಿಗೆ ಲೆಕ್ಕ ಹೇಳುತ್ತೇನೆ. ರಾಕೆಟ್ ಮುಂದೆ ಹೋಗುವುದು ಹಿಂದಕ್ಕೆ ಏನನ್ನೋ ಜೋರಾಗಿ ಎಸೆಯುವುದರಿಂದ. ಏನನ್ನು ಎಸೆಯಬೇಕು ಅಂತ ನ್ಯೂಟನ್ 1687ರಲ್ಲೂ ಷರತ್ತು ಹಾಕಲಿಲ್ಲ. ಎರಡು ಲೀಟರ್ ಬಾಟಲಿ ತಗೊಳ್ಳಿ. ಮೂರರಲ್ಲಿ ಒಂದು ಭಾಗ ನೀರು. ಸೈಕಲ್ ಪಂಪಿನಿಂದ 60 ಪಿಎಸ್‌ಐ ಗಾಳಿ, ಅಂದರೆ ಕಾರಿನ ಟೈರಿಗೆ ಹಾಕುವುದರ ಹತ್ತಿರ ಹತ್ತಿರ ಎರಡರಷ್ಟು. ಬಾಟಲಿ ಬಾಯಿ ಸುಮಾರು 22 ಮಿಲಿಮೀಟರ್ ಅಗಲ. ಒತ್ತಡಕ್ಕೆ ಬಾಯಿಯ ವಿಸ್ತೀರ್ಣ ಗುಣಿಸಿ, ಎರಡರಿಂದ ಗುಣಿಸಿ. ಬಿಟ್ಟ ಮೊದಲ ಕ್ಷಣಕ್ಕೆ ಸುಮಾರು 32 ಕೆಜಿ ತಳ್ಳು ಬರುತ್ತೆ. ಮೂವತ್ತೆರಡು! ಕಸಕ್ಕೆ ಹೋಗುತ್ತಿದ್ದ ಬಾಟಲಿ. ನೀರು ಸೆಕೆಂಡಿಗೆ ಸುಮಾರು 29 ಮೀಟರ್ ವೇಗದಲ್ಲಿ ಹೊರಗೆ ಬರುತ್ತೆ, ಅಂದರೆ ಗಂಟೆಗೆ ನೂರು ಕಿಲೋಮೀಟರ್‌ಗೂ ಜಾಸ್ತಿ. ಹೈವೇಯಲ್ಲಿ ಹರಿಹರಕ್ಕೆ ಹೋಗುವ ಬಸ್ಸಿಗಿಂತ ಜೋರು. ಇದು ಲೆಕ್ಕ. ಆದರೆ ಲೆಕ್ಕ ಹಾಕಿದ್ದು ತೂಕ ಹಾಕಿದ ಹಾಗೆ ಅಲ್ಲ, ಅದನ್ನು ನಾನು ಅನುಭವಿಸಿ ಕಲಿತಿದ್ದೇನೆ.

ಮೊದಲ ಸಲ ಏನು ಮಾಡಿದೆ ಕೇಳಿ. ಫಾರಿನ್ ವಿಡಿಯೊಗಳಲ್ಲಿ ಮೋಟರನ್ನು ಬಾಯಿ ಮೇಲೆ ಮಾಡಿ ತಕ್ಕಡಿ ಮೇಲೆ ನಿಲ್ಲಿಸಿರುತ್ತಾರೆ, ಅದು ಕೆಳಗೆ ಒತ್ತುತ್ತೆ, ತಕ್ಕಡಿ ತೋರಿಸುತ್ತೆ. ನಾನೂ ಬಾಟಲಿಯನ್ನು ಬಾಯಿ ಮೇಲೆ ಮಾಡಿ ಅಮ್ಮನ ಅಡುಗೆಮನೆ ತಕ್ಕಡಿ ಮೇಲಿಟ್ಟು, ದೂರದಿಂದ ಬಾಯಿ ಬಿಡಿಸಲು ಹಗ್ಗ ಕಟ್ಟಿದೆ. ಹಗ್ಗ ಎಳೆದೆ. ಬುಸ್ ಅಂತ ಗಾಳಿಯೆಲ್ಲ ಹೋಯಿತು. ನೀರು ಬಾಟಲಿಯಲ್ಲೇ ತಣ್ಣಗೆ ಕೂತಿತ್ತು. ಗಾಳಿ ಮೇಲೆ, ನೀರು ಕೆಳಗೆ, ಬಾಯಿಯೂ ಮೇಲೆ! ಇಷ್ಟು ಹೊಳೆಯಲಿಲ್ಲ ನನಗೆ. ಆ ವಿಡಿಯೊ ಇನ್ನೂ ಇದೆ, ಅಪ್‌ಲೋಡ್ ಮಾಡಲ್ಲ, ಕೇಳಬೇಡಿ.

ಎರಡನೇ ಸಲ ಪರಿಚಯದ ಕಾಕಾ ಒಬ್ಬರ ಅಂಗಡಿಯಿಂದ ಮುಳ್ಳಿನ ತಕ್ಕಡಿ ತಂದೆ. ಹಳೆ ಬಾಗಿಲ ಚೌಕಟ್ಟಿಗೆ ತೂಗು ಹಾಕಿ, ಅದಕ್ಕೆ ಮರಳಿನ ಮೂಟೆ ನೇತುಹಾಕಿದೆ. ಮೂಟೆಯ ಕೆಳಗೆ ಬಾಟಲಿ, ಈ ಸಲ ಬಾಯಿ ಕೆಳಗೆ. ಬಾಟಲಿ ಮೇಲಕ್ಕೆ ತಳ್ಳಿದರೆ ತೂಕ ಎಷ್ಟು ಇಳಿಯುತ್ತೋ ಅದೇ ತಳ್ಳು. ತಲೆ ಓಡಿಸಿದ್ದೆ ಅಲ್ವಾ? ಹಗ್ಗ ಎಳೆದೆ. ಮೂಟೆ ಒಮ್ಮೆ ಕುಣಿಯಿತು, ಮುಳ್ಳು ದೆವ್ವ ಹಿಡಿದಂತೆ ಆ ಕಡೆ ಈ ಕಡೆ ಹೊಡೆದಾಡಿತು, ಪಕ್ಕದ ಮನೆ ಅಜ್ಜಿಯ ಒಣಗಲು ಹಾಕಿದ್ದ ಸೀರೆ ಒದ್ದೆಯಾಯಿತು. ಆ ತಕ್ಕಡಿ ಇರುವುದು ಸುಮ್ನೆ ಕೂತಿರುವ ಬೆಲ್ಲ ತೂಗುವುದಕ್ಕೆ. ನಮ್ಮ ಬಾಟಲಿಯ ಆಟ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮುಗಿಯುತ್ತೆ. ಸ್ಪ್ರಿಂಗಿಗೆ ಅರ್ಥವಾಗುವುದರೊಳಗೆ ಕಥೆ ಮುಗಿದಿರುತ್ತೆ.

ಆಮೇಲೆ ಲೋಡ್ ಸೆಲ್ ತಂದೆ. ಡಿಜಿಟಲ್ ತಕ್ಕಡಿಯ ಹೊಟ್ಟೆಯಲ್ಲಿರುವ ಅಲ್ಯೂಮಿನಿಯಂ ಪಟ್ಟಿ ಅದು, ಒತ್ತಿದರೆ ಕೂದಲಷ್ಟೂ ಬಾಗಲ್ಲ ಅನ್ನಿಸುತ್ತೆ, ಆದರೆ ಬಾಗುತ್ತೆ, ಅದನ್ನೇ ಅಳೆಯುವುದು. ಜೊತೆಗೆ ಆ ಬಾಗನ್ನು ಓದಿ ನಂಬರ್ ಮಾಡುವ ಎಚ್‌ಎಕ್ಸ್711 ಅನ್ನೋ ಹೆಬ್ಬೆರಳಗಲದ ಬೋರ್ಡು ಮತ್ತು ಆ ನಂಬರ್ ತೆಗೆದುಕೊಳ್ಳಲು ಆರ್ಡುಯಿನೊ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು. ಈ ಎಚ್‌ಎಕ್ಸ್711ರಲ್ಲಿ ಒಂದು ಕಿತಾಪತಿ ಇದೆ. ತಂದ ಹಾಗೆ ಬಳಸಿದರೆ ಸಾಮಾನ್ಯವಾಗಿ ಸೆಕೆಂಡಿಗೆ 10 ಸಲ ಮಾತ್ರ ಓದುತ್ತೆ. ಹತ್ತನೇ ಒಂದು ಸೆಕೆಂಡಿನ ಮೋಟರಿಗೆ ಒಂದೇ ಒಂದು ಸಲ! ಒಂದು ಕಾಲಿನ ಜೋಡಣೆ ಬದಲಾಯಿಸಿದರೆ 80 ಸಲ. ಅದೂ ಸಾಲದು. ಹಾಗಾಗಿ ಬಾಟಲಿ ಮುಚ್ಚಳಕ್ಕೆ 9 ಮಿಲಿಮೀಟರ್ ತೂತು ಕೊರೆದು ಬಾಯಿ ಚಿಕ್ಕದು ಮಾಡಿದೆ. ತಳ್ಳು ಕಮ್ಮಿ, ಆದರೆ ಅರ್ಧ ಸೆಕೆಂಡಿನಷ್ಟು ಹೊತ್ತು ನಡೆಯುತ್ತೆ. ನಲವತ್ತು ಚುಕ್ಕಿ ಸಿಗುತ್ತೆ, ಗ್ರಾಫ್ ಬರುತ್ತೆ.

ಈಗ ಕೇಳಿ, ಇಡೀ ವಿಡಿಯೊದಲ್ಲಿ ಇದೊಂದನ್ನು ಕೇಳಿಸಿಕೊಂಡರೂ ಸಾಕು. ಲೆಕ್ಕದ ಪ್ರಕಾರ 5 ಕೆಜಿ ಚಿಲ್ಲರೆ ಬರಬೇಕಿತ್ತು. ಬಂದಿದ್ದು 3.3. ನಾಲ್ಕು ಸಲ ಮಾಡಿದೆ, ಅಷ್ಟೇ. ಪಂಪಿನ ಮೀಟರ್ ಸುಳ್ಳು ಅಂದುಕೊಂಡೆ, ಪಂಚರ್ ಅಂಗಡಿಗೆ ಹೋಗಿ ಬೇರೆ ಮೀಟರ್ ಜೊತೆ ಹೋಲಿಸಿದೆ, ಸರಿ ಇತ್ತು. ಎರಡು ದಿನ ನಿದ್ದೆ ಇಲ್ಲ. ಮೂರನೇ ದಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ನೋಡಿದೆ. ಡ್ರಿಲ್ ಮಾಡಿದ ತೂತಿನ ಒಳ ಅಂಚು ಬ್ಲೇಡಿನ ಹಾಗೆ ಚೂಪಾಗಿತ್ತು. ಚೂಪು ಅಂಚಿನಲ್ಲಿ ನೀರು ತಟ್ಟನೆ ತಿರುಗಲಾರದೆ ನಡುವಿಗೆ ಸೊರಗಿಕೊಂಡು ಹೊರಗೆ ಬರುತ್ತೆ. ತೂತು 9 ಮಿಲಿಮೀಟರ್ ಇದ್ದರೂ ನೀರಿನ ಧಾರೆ ಅದಕ್ಕಿಂತ ಸಣ್ಣ. ಒಂದು ತುಂಡು ಪೈಪ್ ತಗೊಂಡು ಒಳಬಾಯಿಯನ್ನು ಗುಂಡಗೆ ಉಜ್ಜಿ, ಉಪ್ಪುಕಾಗದ ಹಾಕಿ ನುಣ್ಣಗೆ ಮಾಡಿ ಕೂರಿಸಿದೆ. 4.8 ಕೆಜಿ! ಅದೇ ಗಾಳಿ, ಅದೇ ನೀರು, ಅದೇ ಬಾಟಲಿ. ಬರೀ ಅಂಚು ಉಜ್ಜಿದ್ದಕ್ಕೆ ಒಂದೂವರೆ ಕೆಜಿ ಜಾಸ್ತಿ. ನಾನು ಅದನ್ನು ಮೈದಾನಕ್ಕೆ ತಗೊಂಡು ಹೋಗಿ ಸುಮ್ನೆ ಹಾರಿಸಿದ್ದರೆ ಏನು ಹೇಳುತ್ತಿದ್ದೆ? “ಸಕತ್ತಾಗಿ ಹೋಯ್ತು.” ಮೊದಲನೆಯದಕ್ಕೂ ಸಕತ್ತು, ಎರಡನೆಯದಕ್ಕೂ ಸಕತ್ತು. ಅರ್ಥ ಆಯ್ತಾ ತಮ್ಮಾ? ತೂಕ ಹಾಕು!

“ತೂಕ ಹಾಕು” ಅಂತ ಸ್ಟಿಕರ್ ಮಾಡಿಸಿದ್ದೇನೆ, ಇಪ್ಪತ್ತು ರೂಪಾಯಿ, ಬೈಕಿಗೂ ಅಂಟಿಸಬಹುದು. ಜಿಮ್ ಹುಡುಗರು ಈಗಾಗಲೇ ಹತ್ತು ತಗೊಂಡಿದ್ದಾರೆ, ಯಾಕೆ ಅಂತ ನಾನು ಕೇಳಿಲ್ಲ.

ಇನ್ನು ಸಕ್ಕರೆ ರಾಕೆಟ್. ಹೇಗೆ ಮಾಡುವುದು ಅಂತ ಇಲ್ಲಿ ಹೇಳಲ್ಲ, ಇನ್‌ಬಾಕ್ಸ್‌ನಲ್ಲೂ ಹೇಳಲ್ಲ. ನಮ್ಮ ದೇಶದ ಸ್ಫೋಟಕಗಳ ಕಾಯಿದೆ 1884ರದ್ದು. ಸ್ಫೋಟಕ ಅಂದರೆ ಏನು ಅಂತ ಅದರಲ್ಲಿ ಪಟ್ಟಿ ಇದೆ, ಆ ಪಟ್ಟಿಯಲ್ಲಿ ರಾಕೆಟ್ ಅಂತ ಹೆಸರು ಹಿಡಿದೇ ಬರೆದಿದ್ದಾರೆ. ಮಾಡಲು ಲೈಸೆನ್ಸ್ ಬೇಕು. “ಹಳ್ಳಿ ಕಡೆ ಯಾರು ನೋಡ್ತಾರೆ ಅಣ್ಣ” ಅಂತೀಯಾ? ಕಾಯಿದೆ ನೋಡದಿದ್ದರೂ ಇಂಧನ ಕಾಯಿಸುವ ಬಾಣಲೆ ನೋಡುತ್ತೆ. ಪಿಯುಸಿಯಲ್ಲಿ ನಾನೂ ಬೆಂಕಿಯದ್ದೊಂದು ಮಾಡಿದ್ದೆ. ಎಷ್ಟು ತಳ್ಳಿತು? ಗೊತ್ತಿಲ್ಲ. ಬಲಗೈ ಕೂದಲು, ಅರ್ಧ ಹುಬ್ಬು ಹೋಯಿತು ಅಂತ ಮಾತ್ರ ಗೊತ್ತು. ಗ್ರೂಪ್ ಫೋಟೊದಲ್ಲಿ ಇವತ್ತಿಗೂ ಒಂದೇ ಹುಬ್ಬಿನಲ್ಲಿ ನಿಂತಿದ್ದೇನೆ.

ನೀರಿನದ್ದು ಪೂರ್ತಿ ಸಾಧು ಅಂತ ಹೇಳುತ್ತಿಲ್ಲ. 60 ಪಿಎಸ್‌ಐ ಗಾಳಿ ತುಂಬಿದ ಬಾಟಲಿ ಒಡೆದರೆ ಮುಖಕ್ಕೆ ಬರುತ್ತೆ. ಅದಕ್ಕೇ ನಾನು ಹೊಸ ಬಾಟಲಿಯಲ್ಲಿ ಮೊದಲು ಗಾಳಿಯೇ ಇಲ್ಲದಂತೆ ಕಂಠದವರೆಗೆ ನೀರು ತುಂಬಿ ಒತ್ತಡ ಕೊಟ್ಟು ನೋಡುತ್ತೇನೆ. ನೀರು ಗಾಳಿಯ ಹಾಗೆ ಕುಗ್ಗಲ್ಲ, ಒಡೆದರೂ ಪುಸ್ ಅಂತ ಸೀಳಿ ಸುಮ್ಮನಾಗುತ್ತೆ. ಹೋದ ತಿಂಗಳು ಒಂದು ಹಾಗೇ ಹೋಯಿತು, ಚಪ್ಪಲಿ ಒದ್ದೆ, ಅಷ್ಟೇ ನಷ್ಟ. ಕಣ್ಣಿಗೆ ಕನ್ನಡಕ, ಐದಾರು ಮೀಟರ್ ಹಗ್ಗ, ಬಾಟಲಿಯಲ್ಲಿ ಲೋಹದ ತುಂಡು ಎಲ್ಲೂ ಬೇಡ. ಸಣ್ಣ ಮಕ್ಕಳು ದೊಡ್ಡವರಿಲ್ಲದೆ ಮುಟ್ಟಬೇಡಿ. ಮುಂದೆ.

ಇನ್ನೊಬ್ಬರು ಕೇಳಿದ್ದಾರೆ, “ಹೈದರಾಲಿ, ಟಿಪ್ಪು ಕಾಲದಲ್ಲಿ ಯಾರು ಲೋಡ್ ಸೆಲ್ ಇಟ್ಟಿದ್ದರು?” ಒಳ್ಳೆ ಪ್ರಶ್ನೆ. ಮೈಸೂರು ರಾಕೆಟ್ಟಿಗೆ ಕಬ್ಬಿಣದ ಕೊಳವೆ ಇತ್ತು, ಅದೇ ಅದರ ಜೋರು. ಕಾಗದದ ಕೊಳವೆಗಿಂತ ಜಾಸ್ತಿ ಒತ್ತಡ ತಡೆಯುತ್ತಿತ್ತು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನೋ ಊರಿನ ಹತ್ತಿರ ಹಳೇ ಬಾವಿಯಲ್ಲಿ ಸಾವಿರಕ್ಕಿಂತ ಹೆಚ್ಚು ರಾಕೆಟ್ ಸಿಕ್ಕವು, ಪೇಪರಿನಲ್ಲಿ ಬಂದಿತ್ತು. ಸರಿ, ಒಪ್ಪಿದೆ. ಆದರೆ ಅವರಿಗೆ ಸೈನ್ಯ ಇತ್ತು. ನಿನಗೆ ಅಮ್ಮ ಇದ್ದಾರೆ. ವ್ಯತ್ಯಾಸ ಇದೆ.

ಮತ್ತೆ ಈ “ಇಸ್ರೋದವರು ಬೆಂಕಿ ಹಾಕಲ್ವಾ” ಅನ್ನುವವರು. ಹಾಕುತ್ತಾರಪ್ಪಾ, ಕಟ್ಟಿ ಹಾಕಿ! ಎಸ್200 ಅನ್ನುವ ದೊಡ್ಡ ಘನ ಇಂಧನದ ಮೋಟರನ್ನು ಶ್ರೀಹರಿಕೋಟಾದಲ್ಲಿ ನೆಲಕ್ಕೆ ಬಿಗಿದು ಮೊದಲ ಸಲ ಉರಿಸಿದ್ದು 2010ರ ಜನವರಿ 24ಕ್ಕೆ. ಹಾರಿಸಿದ್ದು ಯಾವಾಗ? 2014ರ ಡಿಸೆಂಬರ್. ಹತ್ತಿರ ಹತ್ತಿರ ಐದು ವರ್ಷ ಆದಮೇಲೆ. ದ್ರವ ಇಂಧನದ ರಾಕೆಟ್ ಮೊದಲು ಹಾರಿಸಿದ ಅಮೆರಿಕದ ಗೊಡಾರ್ಡ್ ಕೂಡ ಹಾಗೇ. 1925ರ ಡಿಸೆಂಬರಿನಲ್ಲಿ ಚೌಕಟ್ಟಿಗೆ ಸಿಕ್ಕಿಸಿ, ಮೋಟರ್ ತನ್ನ ತೂಕವನ್ನು ತಾನೇ ಎತ್ತುತ್ತೆ ಅಂತ ಖಾತ್ರಿ ಮಾಡಿಕೊಂಡ. 1926ರ ಮಾರ್ಚಿನಲ್ಲಿ ಹಾರಿಸಿದ. 41 ಅಡಿ ಹೋಯಿತು, ಎರಡೂವರೆ ಸೆಕೆಂಡ್. ಅಷ್ಟೇ! ಈಗಿನವರಾಗಿದ್ದರೆ “41 ಅಡಿನಾ, ನಮ್ಮ ಬಾಟಲಿ ಅದಕ್ಕಿಂತ ಮೇಲೆ ಹೋಗುತ್ತೆ” ಅಂತ ಕಾಮೆಂಟ್ ಹಾಕುತ್ತಿದ್ದರು. ಹೋಗುತ್ತೆ ನಿಜ, ಆದರೆ ಎಷ್ಟು ತಳ್ಳಿತು ಅಂತ ನಂಬರ್ ಎಲ್ಲಿ? ಅಮೆರಿಕದ ಅಂಗಡಿಯಲ್ಲಿ ಮಾರುವ ಪುಟ್ಟ ಮಾದರಿ ಮೋಟರಿನ ಮೇಲೆ ಸಿ6-5 ಅಂತ ಬರೆದಿರುತ್ತೆ. ಸಿ ಅಂದರೆ ಉರಿದು ಮುಗಿಯುವವರೆಗೆ ಒಟ್ಟು ಎಷ್ಟು ತಳ್ಳು (ತಳ್ಳು ಗುಣಿಸು ಹೊತ್ತು) ಅನ್ನುವ ದರ್ಜೆ, 6 ಅಂದರೆ ಸರಾಸರಿ ಎಷ್ಟು ನ್ಯೂಟನ್ ತಳ್ಳು, 5 ಅಂದರೆ ಉರಿದ ಮೇಲೆ ಎಷ್ಟು ಸೆಕೆಂಡಿಗೆ ಪ್ಯಾರಾಚೂಟ್ ಬಿಡುತ್ತೆ. ಮೈಮೇಲೆ ನಂಬರ್! ಯಾಕೆ? ಯಾರೋ ತೂಕ ಹಾಕಿದ್ದಾರೆ! ನಿನ್ನದರ ಮೇಲೆ ಏನು ಬರೆಯುತ್ತೀಯಾ, “ಸಕತ್ತು-ಸುಂಯ್”?

ಬೆಂಕಿ ಬೆಂಕಿ ಬೆಂಕಿ. ನಮ್ಮ ಪಕ್ಕದ ಚಳ್ಳಕೆರೆ ಹತ್ತಿರ 2023ರ ಏಪ್ರಿಲ್ 2ಕ್ಕೆ ಇಸ್ರೋದವರು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ರೆಕ್ಕೆಯ ವಾಹನ ಬಿಟ್ಟರು. ಕೆಳಗಿಳಿಯುವಾಗ ಎಂಜಿನ್ ಉರಿಯಲಿಲ್ಲ, ತಾನೇ ದಾರಿ ಹುಡುಕಿಕೊಂಡು ಬಂದು ರನ್‌ವೇ ಮೇಲೆ ಇಳಿಯಿತು. ಹೋಗು, ಅವರಿಗೂ ಹೇಳು, “ಬೆಂಕಿ ಎಲ್ಲಿ ಅಣ್ಣಾ” ಅಂತ. ಇದಕ್ಕೂ ತೂಕ ಹಾಕುವುದಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಇದೆ, ನೀವೇ ಯೋಚನೆ ಮಾಡಿ.

ಏನೋ ಇನ್ನೊಂದು ಪಾಯಿಂಟ್ ಇತ್ತು. ಸ್ಕ್ರಿಪ್ಟಿನಲ್ಲಿ “ಮೂರನೇ ಕಾರಣ” ಅಂತ ಬರೆದು ಮುಂದೆ ಖಾಲಿ ಬಿಟ್ಟಿದ್ದೇನೆ. ಆವಾಗ ಬೆಣ್ಣೆದೋಸೆ ಬಂದಿರಬೇಕು, ಹಾಳೆ ಮೇಲೆ ಬೆಣ್ಣೆ ಕಲೆ ಇದೆ. ಇರಲಿ. ಮೂರನೇ ಕಾರಣ: ತೂಕ ಹಾಕು. ನಾಲ್ಕನೇ ಕಾರಣವೂ ಅದೇ.

ಭಾನುವಾರ ಸಂಜೆ ಲೈವ್ ಬರುತ್ತೇನೆ. ಎರಡು ಬಾಟಲಿ, ಒಂದರ ಅಂಚು ಚೂಪು, ಒಂದರದ್ದು ನುಣ್ಣಗೆ, ಎರಡನ್ನೂ ನಿಮ್ಮ ಎದುರೇ ತೂಗುತ್ತೇನೆ. ಆ ಕಾಮೆಂಟಿನ ತಮ್ಮನೂ ಬರಲಿ, ದೋಸೆ ನಂದು. ಆದರೆ ಬರುವಾಗ ನಂಬರ್ ತರಬೇಕು. ಕೆಜಿಯಲ್ಲಿ. ಗ್ರಾಂ ಆದರೂ ಪರವಾಗಿಲ್ಲ. ಸಕತ್ತು ಅಂದರೆ ಖಾಲಿ ದೋಸೆ, ಬೆಣ್ಣೆ ಇಲ್ಲ.

ಬಂದೆ ಅಮ್ಮಾ! ತಕ್ಕಡಿ ನನ್ನ ಹತ್ತಿರ ಇಲ್ಲ... ಇದೆ. ಹೂಂ, ಸ್ವಲ್ಪ ಒದ್ದೆ ಇದೆ. ಕಟ್ ಮಾಡು, ಕಟ್ ಮಾಡು.