ಮಧ್ಯಾಹ್ನ ಎರಡರಿಂದ ನಾಲ್ಕು

ಕೇಳುಗರಿಗೆಲ್ಲ ನಮಸ್ಕಾರ.

ಭಾನುವಾರ ಮಧ್ಯಾಹ್ನ ಎರಡು ಗಂಟೆಗೆ ನಿಮ್ಮ ಮನೆಯಲ್ಲಿ ಏನು ನಡೆಯುತ್ತಿರುತ್ತದೆ? ನಮ್ಮ ಮನೆಯಲ್ಲಾದರೆ ಅರ್ಧ ಜನ ಚಾಪೆ ಹಾಸಿರುತ್ತಾರೆ, ಉಳಿದರ್ಧ ಜನ ಕೂತಲ್ಲೇ ತೂಕಡಿಸುತ್ತಿರುತ್ತಾರೆ. ಕಾನೂನು ಓದಬೇಕು ಅಂತ ಆಸೆಪಟ್ಟ ಮಕ್ಕಳಿಗೆ ದೇಶದ ದೊಡ್ಡ ಪ್ರವೇಶ ಪರೀಕ್ಷೆ ಶುರುವಾಗುವುದು ಸರಿಯಾಗಿ ಅದೇ ಹೊತ್ತಿಗೆ. ಕ್ಲ್ಯಾಟ್ ಅಂತ ಅದರ ಹೆಸರು. 2023, 2024, 2025, ಮೂರೂ ವರ್ಷ ಡಿಸೆಂಬರ್ ತಿಂಗಳ ಮೊದಲ ಭಾನುವಾರವೇ ನಡೆಯಿತು. ಮಧ್ಯಾಹ್ನ ಎರಡರಿಂದ ನಾಲ್ಕು. ಮುದ್ದೆ ಉಂಡವರಿಗೆ ಇದಕ್ಕಿಂತ ಕೆಟ್ಟ ಗಳಿಗೆ ಇನ್ನೊಂದಿಲ್ಲ.

ನಾನು ತುಮಕೂರಿನಲ್ಲಿ ವಕೀಲಿ ಮಾಡುವವಳು. ನಮ್ಮ ದೊಡ್ಡಕ್ಕನ ಮಗಳು ನಮ್ಮ ಮನೆಯಲ್ಲೇ ಇದ್ದು ಪಿಯುಸಿ ಓದಿದಳು. ಕಾಮರ್ಸು. ಒಂದು ದಿನ ಸಂಜೆ ನನ್ನ ಕರಿ ಕೋಟು ಹಾಕಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಕೋಟು ಮೊಣಕಾಲಿನವರೆಗೆ ಬರುತ್ತಿತ್ತು. "ಚಿಕ್ಕಿ, ನಾನೂ ಲಾ ಮಾಡ್ತೀನಿ" ಅಂದಳು. ಇವತ್ತು ನಿಮಗೆ ಹೇಳುವುದೆಲ್ಲ ಅಲ್ಲಿಂದ ಮುಂದಿನ ಆರೇಳು ತಿಂಗಳ ಕಥೆ.

ಮೊದಲು ಪರೀಕ್ಷೆ ಏನು ಅಂತ ಹೇಳಿಬಿಡುತ್ತೇನೆ. ಬೆಂಗಳೂರಿನ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆ ನಿಮಗೆ ಗೊತ್ತಿರಬಹುದು. ಅಲ್ಲಿ ಐದು ವರ್ಷದ ಕಾನೂನು ಪದವಿಯ ಮೊದಲ ತಂಡ ಸೇರಿದ್ದು 1988ರಲ್ಲಿ. ಆಮೇಲೆ ಅದೇ ಮಾದರಿಯಲ್ಲಿ ಬೇರೆ ಬೇರೆ ರಾಜ್ಯಗಳಲ್ಲಿ ಶಾಲೆಗಳು ಬಂದವು. ಆಗೆಲ್ಲ ಒಂದೊಂದು ಶಾಲೆಗೂ ಒಂದೊಂದು ಪರೀಕ್ಷೆ. ಮಕ್ಕಳು ಊರಿಂದೂರಿಗೆ ಬ್ಯಾಗು ಹೊತ್ತು ತಿರುಗಬೇಕಿತ್ತು. ವಿಷಯ ಸುಪ್ರೀಂ ಕೋರ್ಟಿನ ಬಾಗಿಲಿಗೆ ಹೋಯಿತು. 2008ರಲ್ಲಿ ಅವುಗಳಲ್ಲಿ ಏಳು ಶಾಲೆಗಳಿಗೆ ಸೇರಿ ಒಂದೇ ಪರೀಕ್ಷೆ ಬಂತು.

ಈಗಿನ ಪತ್ರಿಕೆಯಲ್ಲಿ 120 ಪ್ರಶ್ನೆ, 120 ನಿಮಿಷ. ಸರಿ ಉತ್ತರಕ್ಕೆ ಒಂದು ಅಂಕ, ತಪ್ಪಿಗೆ ಕಾಲು ಅಂಕ ಕಡಿತ. ಪ್ರಶ್ನೆಗೊಂದು ನಿಮಿಷ ಸಿಕ್ಕಿತಲ್ಲ ಅಂದುಕೊಳ್ಳಬೇಡಿ. ಪ್ರಶ್ನೆಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಮೊದಲು ನಾನೂರೈವತ್ತು ಪದದವರೆಗಿನ ಒಂದು ಪ್ಯಾಸೇಜು, ಅದರ ಕೆಳಗೆ ನಾಲ್ಕಾರು ಪ್ರಶ್ನೆ. ಮತ್ತೆ ಇನ್ನೊಂದು ಪ್ಯಾಸೇಜು. ಇಂಗ್ಲಿಷು, ಪ್ರಚಲಿತ ವಿದ್ಯಮಾನ, ಕಾನೂನಿನ ತರ್ಕ, ಸಾಮಾನ್ಯ ತರ್ಕ, ಕೊನೆಗೆ ಒಂದಿಷ್ಟು ಲೆಕ್ಕ, ಎಲ್ಲವೂ ಹೀಗೇ. ಕೂಡಿಸಿ ನೋಡಿದರೆ ಎರಡು ಗಂಟೆಯಲ್ಲಿ ಎಂಟರಿಂದ ಹತ್ತು ಸಾವಿರ ಪದ ಓದಬೇಕು. ಅದೂ ಇಂಗ್ಲಿಷಿನಲ್ಲಿ, ಬೇರೆ ಭಾಷೆಯ ಆಯ್ಕೆ ಇಲ್ಲ. ಏಳನೇ ಕ್ಲಾಸಿನವರೆಗೆ ತಿಪಟೂರಿನ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿಗೆ ಎದೆ ಹೊಡೆದುಕೊಳ್ಳದೆ ಇರುತ್ತದಾ?

ಹಾಗಾಗಿ ಅವಳ ಭಯಕ್ಕೆ ಕಾರಣ ಇತ್ತು. ನಾವು ದೊಡ್ಡವರು ಮಾಡುವ ತಪ್ಪು ಇಲ್ಲೇ. "ಭಯ ಪಡಬೇಡ, ಧೈರ್ಯವಾಗಿರು" ಅಂತ ಹೇಳಿ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಭಯಪಡಬೇಡ ಅಂದ ತಕ್ಷಣ ಯಾರಿಗೆ ಭಯ ಹೋಗಿದೆ ಹೇಳಿ. ಹತ್ತು ವರ್ಷ ಆಯಿತು ನಾನು ಕೋರ್ಟಿಗೆ ಹೋಗಲು ಶುರು ಮಾಡಿ. ಈಗಲೂ ಪಾಟೀಸವಾಲಿಗೆ ಎದ್ದು ನಿಂತಾಗ ನನ್ನ ಅಂಗೈ ತಣ್ಣಗಾಗುತ್ತದೆ.

ಇದರ ಬೆಲೆ ನಾನು ಚಿಕ್ಕವಳಿದ್ದಾಗಲೇ ತೆತ್ತಿದ್ದೇನೆ. 2010ರಲ್ಲಿ ನಾನೂ ಇದೇ ಪರೀಕ್ಷೆ ಬರೆದವಳು. ಆಗ 200 ಪ್ರಶ್ನೆ ಇರುತ್ತಿತ್ತು. ಅರವತ್ತರ ಆಸುಪಾಸಿನಲ್ಲಿ ಒಂದು ಪ್ರಶ್ನೆ ಬಿಟ್ಟೆ, ಆಮೇಲೆ ನೋಡೋಣ ಅಂತ. ಓಎಂಆರ್ ಶೀಟಿನಲ್ಲಿ, ಅಂದರೆ ಉತ್ತರದ ಬಬಲ್ ತುಂಬುವ ಹಾಳೆಯಲ್ಲಿ, ಆ ಸಾಲು ಖಾಲಿ ಬಿಡುವುದು ಮರೆತೆ. ಮುಂದಿನದರ ಉತ್ತರ ಅದರ ಸಾಲಿಗೆ ಹೋಯಿತು, ಅದರ ಮುಂದಿನದು ಇದರ ಸಾಲಿಗೆ. ಹೀಗೆ ಸುಮಾರು ಮೂವತ್ತು ಪ್ರಶ್ನೆ ಆದ ಮೇಲೆ ಗೊತ್ತಾಯಿತು. ಆ ಮೂವತ್ತು ಹೋದದ್ದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. ಕಾಲು ಗಂಟೆ ನಾನು ಒಂದು ಪ್ರಶ್ನೆಯನ್ನೂ ಓದಲಿಲ್ಲ. ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಸುಮ್ನೆ ಆ ಹಾಳೆ ನೋಡುತ್ತಾ ಕೂತಿದ್ದೆ.

ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳು ಕೇಳಿದ್ದು ಒಂದೇ ಮಾತು. "ಹಾಗಾದ್ರೆ ಚಿಕ್ಕಿ, ಎಷ್ಟು ಪ್ರಶ್ನೆಗೊಂದ್ಸಲ ನಂಬರ್ ನೋಡ್ಕೋಬೇಕು?" ಐದಕ್ಕೊಂದು ಸಲ ಅಂದೆ. ನನಗೆ ಖುಷಿಯಾಯಿತು. ಭಯವನ್ನು ಒಂದು ಕೆಲಸವಾಗಿ ಮಾಡಿಕೊಂಡಳಲ್ಲ ಅಂತ.

ಆಗಸ್ಟಿನಿಂದ ಪ್ರತಿ ಭಾನುವಾರ ಎರಡು ಗಂಟೆಗೆ ಅವಳನ್ನು ಮನೆ ಮುಂದಿನ ನನ್ನ ಆಫೀಸು ರೂಮಿನಲ್ಲಿ ಕೂರಿಸುತ್ತಿದ್ದೆ. ಬೆಳಗ್ಗೆ ಅಲ್ಲ, ರಾತ್ರಿ ಅಲ್ಲ, ಎರಡಕ್ಕೇ. ಮೊದಲ ವಾರ ಮುದ್ದೆ, ಉಪ್ಸಾರು ಉಂಡು ಕೂತಳು. 2.40ಕ್ಕೆ ಇಣುಕಿ ನೋಡಿದರೆ ಮೂರನೇ ಪ್ಯಾಸೇಜನ್ನೇ ನಾಲ್ಕನೇ ಸಲ ಓದುತ್ತಿದ್ದಾಳೆ, ಕಣ್ಣು ಅರ್ಧ ಮುಚ್ಚಿದೆ. ಮುಂದಿನ ವಾರದಿಂದ ಹನ್ನೆರಡಕ್ಕೆಲ್ಲ ಮೂರು ಇಡ್ಲಿ, ಅಷ್ಟೇ. ಪಕ್ಕದ ಮನೆಯ ಮಿಕ್ಸಿ ಸದ್ದು ಅಂತ ಕಿಟಕಿ ಹಾಕಲು ಹೋದಳು. ಹಾಕಬೇಡ ಅಂದೆ. ಪರೀಕ್ಷೆ ಹಾಲಿನಲ್ಲಿ ಫ್ಯಾನು ಕಿರುಗುಟ್ಟುತ್ತದೆ, ಹಿಂದಿನ ಬೆಂಚಿನವರು ಕೆಮ್ಮುತ್ತಾರೆ. ಮೂರು ಗಂಟೆಗೆ ಪರೀಕ್ಷೆ ಮೇಲ್ವಿಚಾರಕರ ಹಾಗೆ ನಾನೇ ಹೋಗಿ ಒಂದು ಹಾಳೆ ಮುಂದಿಟ್ಟು "ಸೈನ್ ಹಾಕಮ್ಮ" ಅನ್ನುತ್ತಿದ್ದೆ. ಮೊದಮೊದಲು ಸಿಡುಕುತ್ತಿದ್ದಳು. ಅಕ್ಟೋಬರ್ ಹೊತ್ತಿಗೆ ತಲೆ ಎತ್ತದೆ ಸೈನ್ ಮಾಡಿ ಹಾಳೆ ತಳ್ಳುತ್ತಿದ್ದಳು.

ಉತ್ತರವನ್ನೂ ಪ್ರಶ್ನೆಪತ್ರಿಕೆಯ ಮೇಲೆ ಟಿಕ್ ಹಾಕುವ ಹಾಗಿಲ್ಲ. ಓಎಂಆರ್ ಶೀಟು ಜೆರಾಕ್ಸ್ ಮಾಡಿಸಿ ಇಟ್ಟಿದ್ದೆ, ಬಾಲ್ ಪೆನ್ನಿನಲ್ಲೇ ತುಂಬಬೇಕು. 120 ಬಬಲ್ ತುಂಬುವುದಕ್ಕೇ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಕೂತು ತುಂಬಿದವರಿಗೇ ಗೊತ್ತು.

ಮಾರ್ಕ್ಸ್ ಒಂದು ವಾರ ಏರಿತು, ಎರಡು ವಾರ ಇಳಿಯಿತು. ಅತ್ತಳು. ಅದಕ್ಕೊಂದು ನೋಟ್‌ಬುಕ್ ಮಾಡಿಸಿದೆ. ತಪ್ಪಾದ ಪ್ರತಿ ಪ್ರಶ್ನೆಯನ್ನೂ ಮೂರರಲ್ಲಿ ಒಂದು ಕಾಲಂಗೆ ಹಾಕಬೇಕು: ಗೊತ್ತಿರಲಿಲ್ಲ, ತಪ್ಪು ಓದಿದೆ, ಗಾಬರಿಯಲ್ಲಿ ಹಾಕಿದೆ. ನಾಲ್ಕು ವಾರ ಆದ ಮೇಲೆ ನೋಡಿದರೆ ಮೂರನೇ ಕಾಲಂನಲ್ಲಿ ಇದ್ದದ್ದೆಲ್ಲ ಕೊನೆಯ ಇಪ್ಪತ್ತು ನಿಮಿಷದ ಪ್ರಶ್ನೆಗಳು. ಅವಳು ಲೆಕ್ಕವನ್ನು ಕೊನೆಗೆ ಇಟ್ಟುಕೊಂಡಿದ್ದಳು. ಕಾಮರ್ಸ್ ಹುಡುಗಿ, ಶೇಕಡಾವಾರು ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭ. ಅದನ್ನು ಮೊದಲಿಗೆ ತಂದುಕೋ ಅಂದೆ. ಹತ್ತು ನಿಮಿಷದಲ್ಲಿ ಹತ್ತಾರು ಪ್ರಶ್ನೆ ಮುಗಿಸಿದ ಮೇಲೆ ಕೈ ನಡುಗುವುದು ತಾನಾಗಿ ನಿಂತಿತು.

ಕಾನೂನಿನ ಪ್ರಶ್ನೆಗಳ ಬಗ್ಗೆ ಸ್ವಲ್ಪ ಹೇಳಬೇಕು. ಇದಕ್ಕೆ ಮೊದಲೇ ಕಾನೂನು ಓದಿರಬೇಕಾಗಿಲ್ಲ. ನಿಯಮ ಏನು ಅಂತ ಪ್ಯಾಸೇಜಿನಲ್ಲೇ ಕೊಟ್ಟಿರುತ್ತಾರೆ. ಆದರೂ ಮಕ್ಕಳು ಎಡವುತ್ತಾರೆ. ಯಾಕೆ ಅಂತ ನನಗೆ ಗೊತ್ತಾಗಿದ್ದು ಒಂದು ಹಳೆಯ ಕೇಸು ಹೇಳಿಕೊಟ್ಟಾಗ. 1913ರದ್ದು, ಅಲಹಾಬಾದ್ ಹೈಕೋರ್ಟಿನದು. ಗೌರಿದತ್ ಎಂಬ ಯಜಮಾನರ ಸೋದರಳಿಯ ಮನೆ ಬಿಟ್ಟು ಹೋಗಿದ್ದ. ಹುಡುಕಿ ಬಾ ಅಂತ ಮುನೀಮ ಲಾಲ್‌ಮನ್ ಶುಕ್ಲನನ್ನು ಹರಿದ್ವಾರದ ಕಡೆಗೆ ಕಳಿಸಿದರು. ಅವನು ಅತ್ತ ಹೋದ ಮೇಲೆ ಇತ್ತ ಯಜಮಾನರು, ಹುಡುಗನನ್ನು ಹುಡುಕಿಕೊಟ್ಟವರಿಗೆ 501 ರೂಪಾಯಿ ಬಹುಮಾನ ಅಂತ ಕರಪತ್ರ ಹಂಚಿದರು. ಶುಕ್ಲನಿಗೆ ಇದು ಗೊತ್ತಿಲ್ಲ. ಋಷಿಕೇಶದಲ್ಲಿ ಹುಡುಗ ಸಿಕ್ಕ, ಕರೆತಂದ. ಆಮೇಲೆ ವಿಷಯ ತಿಳಿದು ಬಹುಮಾನ ಕೇಳಿದ. ಕೋರ್ಟು ಇಲ್ಲ ಅಂತು. ಗೊತ್ತೇ ಇಲ್ಲದ ಮಾತಿಗೆ ಒಪ್ಪಿಗೆ ಕೊಡುವುದು ಹೇಗೆ? ಒಪ್ಪಿಗೆ ಇಲ್ಲದೆ ಒಪ್ಪಂದ ಎಲ್ಲಿಂದ ಬಂತು?

ನಮ್ಮ ಹುಡುಗಿ ಪೆನ್ನು ಕೆಳಗಿಟ್ಟಳು. "ಅನ್ಯಾಯ ಅಲ್ವಾ ಚಿಕ್ಕಿ? ಹುಡುಕಿದ್ದು ಅವನೇ ತಾನೆ?"

ಅನ್ಯಾಯ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಕೇಳಿರುವುದು ನಿನಗೆ ಏನನ್ನಿಸಿತು ಅಂತಲ್ಲ. ಪ್ಯಾಸೇಜಿನ ನಿಯಮದ ಪ್ರಕಾರ ಏನಾಗುತ್ತದೆ ಅಂತ. ಗಾಬರಿಯಾದಾಗ ಮಕ್ಕಳು ಪ್ಯಾಸೇಜು ಬಿಟ್ಟು ಮನಸ್ಸಿಗೆ ಹೋಗಿಬಿಡುತ್ತಾರೆ. ಪ್ರತಿ ಉತ್ತರಕ್ಕೂ ಪ್ಯಾಸೇಜಿನ ಯಾವ ಸಾಲು ಅಂತ ಬೆರಳಿಟ್ಟು ತೋರಿಸು ಅಂತ ಹಠ ಹಿಡಿದೆ. ಬೆರಳಿಡಲು ಸಾಲು ಸಿಗದಿದ್ದರೆ ಆ ಉತ್ತರ ಅನುಮಾನ.

ಓದುವ ವೇಗಕ್ಕೆ ನಾನು ಕಂಡುಕೊಂಡ ದಾರಿ ಕೋಚಿಂಗಿನವರು ಒಪ್ಪುತ್ತಾರೋ ಇಲ್ಲವೋ. ಬೆಳಗ್ಗೆ ಕನ್ನಡ ಪೇಪರಿನ ಸಂಪಾದಕೀಯ, ಅದಾದ ಮೇಲೆ ಅದೇ ವಿಷಯದ ಇಂಗ್ಲಿಷ್ ಲೇಖನ. ಯಾರು ಏನು ವಾದ ಮಾಡುತ್ತಿದ್ದಾರೆ ಅನ್ನುವುದು ಕನ್ನಡದಲ್ಲಿ ತಲೆಗೆ ಹೋಗಿದ್ದರೆ ಇಂಗ್ಲಿಷಿನಲ್ಲಿ ಪದ ಗೊತ್ತಿಲ್ಲದಿದ್ದರೂ ಕಾಲು ನಿಲ್ಲುತ್ತದೆ. ಪ್ರಚಲಿತ ವಿದ್ಯಮಾನಕ್ಕೂ ಅದೇ ಆಗುತ್ತದೆ.

ಕಾಲು ಅಂಕದ ಕಡಿತಕ್ಕೆ ಹೆದರಿ ಬಹಳ ಮಕ್ಕಳು ಸುಮ್ಮನೆ ಬಿಟ್ಟು ಬರುತ್ತಾರೆ. ಲೆಕ್ಕ ಹಾಕಿ ನೋಡಿ. ನಾಲ್ಕು ಆಯ್ಕೆಯಲ್ಲಿ ಎರಡು ಖಂಡಿತ ಅಲ್ಲ ಅಂತ ಗೊತ್ತಾಯಿತು. ಇಂಥ ಎಂಟು ಪ್ರಶ್ನೆಯಲ್ಲಿ ಅರ್ಧ ಸರಿ ಹೋದರೂ ನಾಲ್ಕು ಅಂಕ ಬಂತು, ನಾಲ್ಕು ತಪ್ಪಿಗೆ ಒಂದು ಹೋಯಿತು. ಮೂರು ಉಳಿಯಿತಲ್ಲ! ಒಂದು ರ‍್ಯಾಂಕಿನ ಪಟ್ಟಿಯಲ್ಲಿ ಮೂರು ಅಂಕ ಅಂದರೆ ಸಣ್ಣ ಮಾತಲ್ಲ.

ನವೆಂಬರಿನಲ್ಲಿ ಅವಳಿಗೆ ಹೊಟ್ಟೆ ತೊಳೆಸಲು ಶುರುವಾಯಿತು. ರಾತ್ರಿ ನಿದ್ದೆ ಇಲ್ಲ. ನಾನು ಒಂದು ಪ್ರಯೋಗ ಮಾಡಿದೆ. ಇದು ನನ್ನ ತಲೆಯಿಂದ ಬಂದದ್ದಲ್ಲ. 2011ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ರಾಮಿರೆಜ್ ಮತ್ತು ಬೈಲಾಕ್ ಎಂಬ ಇಬ್ಬರು ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಭಯವನ್ನೆಲ್ಲ ಕಾಗದದ ಮೇಲೆ ಬರೆದ ಮಕ್ಕಳು, ಅದರಲ್ಲೂ ಜಾಸ್ತಿ ಹೆದರುವವರು, ಚೆನ್ನಾಗಿ ಬರೆದರು ಅಂತ. ತಲೆಯೊಳಗೆ ಸುತ್ತುತ್ತಿರುವುದನ್ನು ಹೊರಗೆ ಹಾಕಿದರೆ ಅಷ್ಟು ಜಾಗ ಖಾಲಿಯಾಗುತ್ತದೆ ಅನ್ನುವುದು ಅವರ ವಿವರಣೆ.

ಬರಿ ಅಂದೆ. ಬರೆದು ಹರಿದುಹಾಕು, ನನಗೆ ತೋರಿಸಬೇಡ ಅಂದೆ. ಅವಳು ಹರಿಯಲಿಲ್ಲ, ಟೇಬಲ್ ಮೇಲೆ ಬಿಟ್ಟು ಹೋದಳು. ಬೇಕಂತಲೇ ಬಿಟ್ಟಳೇನೋ. ಅದರಲ್ಲಿ ಇಂಗ್ಲಿಷಿನ ಮಾತಿರಲಿಲ್ಲ, ಪ್ಯಾಸೇಜಿನ ಮಾತಿರಲಿಲ್ಲ. "ಅಪ್ಪ ಕೋಚಿಂಗಿಗೆ ಕಟ್ಟಿದ ದುಡ್ಡು" ಅಂತ ಮೂರು ಸಲ ಇತ್ತು. ಅರ್ಜಿಗೆ ಕಟ್ಟಿದ ನಾಲ್ಕು ಸಾವಿರವನ್ನೂ ಲೆಕ್ಕಕ್ಕೆ ಸೇರಿಸಿದ್ದಳು.

ನಮ್ಮ ಭಾವ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು. ಮಾತು ಕಡಿಮೆ. ಫೋನು ಮಾಡಿ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಸದ್ದಿಲ್ಲ. "ಅವಳಿಗೆ ಫೋನ್ ಕೊಡು" ಅಂದರು. ಸ್ಪೀಕರ್ ಹಾಕಿರಲಿಲ್ಲ, ಆದರೂ ಅವರ ಗಂಟಲು ಮಂಡಿಯ ಗಂಟಲು, ನನಗೂ ಕೇಳಿಸಿತು. "ರೇಟು ಬಿದ್ದಾಗೆಲ್ಲ ನಾನೇನು ಅಂಗಡಿ ಬಾಗಿಲು ಹಾಕಿದೀನೇನವ್ವ?" ಅಷ್ಟೇ. ಅವತ್ತು ರಾತ್ರಿ ಅವಳು ನಿದ್ದೆ ಮಾಡಿದಳು. ತಂದೆತಾಯಂದಿರು ಕೇಳುತ್ತಿದ್ದರೆ ಅದಕ್ಕೇ ಹೇಳುತ್ತಿದ್ದೇನೆ, ಮಕ್ಕಳ ಭಯದಲ್ಲಿ ಅರ್ಧ ನಮ್ಮದೇ ಇರುತ್ತದೆ.

ಇರುವುದು ಒಂದೇ ಬಾಗಿಲು ಅಂದುಕೊಂಡರೂ ಭಯ ಜಾಸ್ತಿ. ಹುಬ್ಬಳ್ಳಿಯಲ್ಲಿ 2009ರಿಂದ ನಮ್ಮದೇ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ. ಅದರ ಕಾಲೇಜುಗಳಿಗೆ ಪಿಯುಸಿ ಅಂಕದ ಮೇಲೆ ಸೇರಬಹುದು. ನಾನು ಓದಿದ್ದೂ ಹತ್ತಿರದ ಒಂದು ಕಾನೂನು ಕಾಲೇಜಿನಲ್ಲೇ. ಇನ್ನೊಂದು ವಿಷಯ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದ ಮಕ್ಕಳಿಗೆ ನಾಗರಬಾವಿಯ ಶಾಲೆಯಲ್ಲಿ ಸೀಟು ಮೀಸಲಿದೆ. ಅರ್ಜಿ ತುಂಬುವಾಗ ಆ ಕಾಲಂ ಬಿಡಬೇಡಿ.

ಪರೀಕ್ಷೆ ಬೆಂಗಳೂರಿನಲ್ಲಿತ್ತು. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದೆವು. ಗೇಟಿನ ಹತ್ತಿರ ಒಂದಷ್ಟು ಮಕ್ಕಳು ಕೊನೆ ಗಳಿಗೆಯಲ್ಲೂ ಯಾವುದೋ ಪಟ್ಟಿ ಉರು ಹೊಡೆಯುತ್ತಿದ್ದರು. ಇವಳು ನೋಡಿದಳು, ಮುಖ ಸ್ವಲ್ಪ ಬಿಳಿಚಿಕೊಂಡಿತು. ಉಸಿರು ಒಳಗೆ ನಾಲ್ಕು ಎಣಿಸು, ಹೊರಗೆ ಆರು ಎಣಿಸು ಅಂದೆ. ಹೊರಗೆ ಬಿಡುವ ಉಸಿರು ಉದ್ದವಾದರೆ ಎದೆಬಡಿತ ತಗ್ಗುತ್ತದೆ. ಎಣಿಸುತ್ತಾ ಒಳಗೆ ಹೋದಳು.

ನಾನು ಎದುರಿನ ಬೇಕರಿಯಲ್ಲಿ ಎರಡು ಗಂಟೆಯಲ್ಲಿ ನಾಲ್ಕು ಟೀ ಕುಡಿದೆ. ನನ್ನ ಭಯ ಬರೆದುಕೊಳ್ಳಲು ಯಾರೂ ಕಾಗದ ಕೊಡಲಿಲ್ಲ.

ನಾಲ್ಕೂಕಾಲಿಗೆ ಹೊರಗೆ ಬಂದಳು. ಹೇಗಾಯಿತು ಅಂತ ಕೇಳಬಾರದು ಅಂತ ಮೊದಲೇ ಅಂದುಕೊಂಡಿದ್ದೆ, ಕಷ್ಟಪಟ್ಟು ಬಾಯಿ ಮುಚ್ಚಿಕೊಂಡೆ. ಅವಳೇ ಹೇಳಿದಳು. "ಚಿಕ್ಕಿ, ಸೈನ್ ಹಾಕಿಸ್ಕೊಳ್ಳೋಕೆ ಸರಿಯಾಗಿ ಮೂರು ಗಂಟೆಗೇ ಬಂದ್ರು. ನಗು ಬಂದ್ಬಿಡ್ತು."

ನಮಸ್ಕಾರ.